ಹೆಸರಿಲ್ಲದ ದೂರು: ಫ್ಲಾರಿಡಾದಲ್ಲೂ ಬೆಂಗಳೂರಿನಲ್ಲೂ

ಪಕ್ಕದವರು ಪರವಾನಗಿ ಇಲ್ಲದೆ ಮಹಡಿ ಏರಿಸುತ್ತಿದ್ದಾರೆ. ದೂರು ಕೊಟ್ಟರೆ ಹಗೆತನ, ಸುಮ್ಮನಿದ್ದರೆ ನಮ್ಮ ಮನೆಗೆ ಗಾಳಿ ಬೆಳಕು ಇಲ್ಲ, ಗೋಡೆಯಲ್ಲಿ ಬಿರುಕು. ಹೆಸರು ಹೇಳದೆ ದೂರು ಕೊಡಬಹುದೇ ಎಂಬ ಪ್ರಶ್ನೆ ಬೆಂಗಳೂರಿನ 30×40 ಅಡಿ ಸೈಟಿನವರದೂ ಹೌದು, ನಾನಿರುವ ಫ್ಲಾರಿಡಾದವರದೂ ಹೌದು.

ಫ್ಲಾರಿಡಾದಲ್ಲಿ 2021ರ ಜುಲೈ 1ರಿಂದ ಕಾನೂನು ಬದಲಾಗಿದೆ. ದೂರುದಾರರ ಹೆಸರು, ವಿಳಾಸ ಇಲ್ಲದಿದ್ದರೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಅಥವಾ ನಗರದ ಕೋಡ್ ಇನ್‌ಸ್ಪೆಕ್ಟರ್, ಅಂದರೆ ಸ್ಥಳೀಯ ನಿಯಮಗಳ ಪಾಲನೆ ನೋಡುವ ಅಧಿಕಾರಿ, ತನಿಖೆ ಶುರು ಮಾಡುವಂತಿಲ್ಲ. ಇಲ್ಲಿ ಸರ್ಕಾರಿ ಕಡತಗಳು ಸಾರ್ವಜನಿಕ ದಾಖಲೆ, ಹಾಗಾಗಿ ಪಕ್ಕದ ಮನೆಯವರು ಕೇಳಿದರೆ ನಿಮ್ಮ ಹೆಸರು ಅವರ ಕೈ ಸೇರಬಹುದು. ಜನರ ಪ್ರಾಣಕ್ಕೆ, ಆರೋಗ್ಯಕ್ಕೆ ತಕ್ಷಣದ ಅಪಾಯವಿದ್ದಾಗ ಹೆಸರಿಲ್ಲದ ದೂರಿಗೂ ಬೆಲೆ. ನ್ಯೂಯಾರ್ಕ್ ನಗರದ ರೀತಿ ಬೇರೆ: ಅಲ್ಲಿನ ಸಹಾಯವಾಣಿ 311ಕ್ಕೆ ಹೆಸರು ಹೇಳದೆ ಕರೆ ಮಾಡಬಹುದು.

ಹಳೇ ದ್ವೇಷಕ್ಕೆ ಮೇಲಿಂದ ಮೇಲೆ ಮೂಗರ್ಜಿ ಹಾಕುವವರು ಎಲ್ಲ ಊರಲ್ಲೂ ಇದ್ದಾರೆ. ಅವರನ್ನು ತಡೆಯಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಫ್ಲಾರಿಡಾ ಅದಕ್ಕೆ ಕಂಡುಕೊಂಡ ದಾರಿ ತಪ್ಪು. ಮನೆ ಮಾಲೀಕ ಗ್ಯಾರೇಜನ್ನು ಕೋಣೆಯಾಗಿಸಿ ವೈರಿಂಗ್ ಹೇಗೋ ಎಳೆಸಿದ್ದರೆ, ಬಾಡಿಗೆದಾರ ತನ್ನ ಹೆಸರಿನಲ್ಲಿ ದೂರು ಕೊಡುವ ಧೈರ್ಯ ಎಲ್ಲಿಂದ ತರಬೇಕು? ಹೆಸರಿಲ್ಲದ ದೂರು ಒಂದು, ಹೆಸರು ಕಚೇರಿಗೆ ಗೊತ್ತಿದ್ದು ಹೊರಗೆ ಹೋಗದ ದೂರು ಇನ್ನೊಂದು. ಎರಡನೆಯದಕ್ಕೆ ಕಾನೂನಿನ ರಕ್ಷಣೆ ಇರಬೇಕಿತ್ತು.

ಇಷ್ಟಾದರೂ ಫ್ಲಾರಿಡಾದ ಒಂದು ಅನುಕೂಲ ಬೆಂಗಳೂರಿನಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಸಾಮಾನ್ಯವಾಗಿ ಕೌಂಟಿ ಅಥವಾ ನಗರದ ಜಾಲತಾಣದಲ್ಲಿ ವಿಳಾಸ ಹಾಕಿದರೆ ಆ ಮನೆಗೆ ಯಾವ ಪರ್ಮಿಟ್ ಕೊಟ್ಟಿದ್ದಾರೆ, ಯಾವ ತಪಾಸಣೆ ಮುಗಿದಿದೆ ಎಲ್ಲ ಕಾಣುತ್ತದೆ. ದೂರಿಗೆ ಮೊದಲು ಇದನ್ನು ನೋಡಲೇಬೇಕು. ಛಾವಣಿ ರಿಪೇರಿಗೆಂದು ಪರ್ಮಿಟ್ ಪಡೆದು ಹಿಂದೆ ಕೋಣೆ ಕಟ್ಟುತ್ತಿದ್ದರೆ ದೂರಿನಲ್ಲಿ ಬರೆಯಬೇಕಾದ್ದು ಅದೇ. ಬರೀ ಬಣ್ಣ ಬಳಿಯುವುದಕ್ಕೆ ಪರ್ಮಿಟ್ ಬೇಡ, ಅಂಥದ್ದಕ್ಕೆ ದೂರು ಕೊಟ್ಟರೆ ನಿಮ್ಮ ಮುಂದಿನ ದೂರನ್ನೂ ಯಾರೂ ನಂಬುವುದಿಲ್ಲ.

ಫ್ಲಾರಿಡಾದಲ್ಲಿ ದೂರು ಬಿದ್ದುಹೋಗಲು ಇನ್ನೊಂದು ಕಾರಣವಿದೆ. ಮನೆಯವರ ಒಪ್ಪಿಗೆ ಅಥವಾ ವಾರಂಟ್ ಇಲ್ಲದೆ ಇನ್‌ಸ್ಪೆಕ್ಟರ್ ಮನೆಯೊಳಗೆ ಕಾಲಿಡುವಂತಿಲ್ಲ. ‘ಒಳಗೆ ಬಚ್ಚಲು ಕಟ್ಟುತ್ತಿದ್ದಾರೆ’ ಎಂದಷ್ಟೇ ಬರೆದರೆ ಅವರು ಬಾಗಿಲು ತಟ್ಟಿ ವಾಪಸ್ ಹೋಗಬಹುದು. ರಸ್ತೆಯಿಂದ ಕಾಣುವುದನ್ನು ಬರೆಯಿರಿ: ಹೊಸ ಕಿಟಕಿಗೆ ಒಡೆದ ಗೋಡೆ, ತಂದಿಳಿಸಿದ ಕಂಬಿ, ಬೇಲಿಯಿಲ್ಲದ ಈಜುಕೊಳ. ಈಜುಕೊಳದ ಸುತ್ತ ಕನಿಷ್ಠ 48 ಇಂಚಿನ ತಡೆ ಇರಬೇಕೆಂಬುದು ಇಲ್ಲಿನ ನಿಯಮ. ಮಕ್ಕಳ ಪ್ರಾಣದ ಪ್ರಶ್ನೆಯಾದ್ದರಿಂದ ತಕ್ಷಣದ ಅಪಾಯ ಎಂದು ವಾದಿಸಲು ಗಟ್ಟಿ ಆಧಾರ ಅದು.

ಬೆಂಗಳೂರಿನಲ್ಲಿ ದೂರು ಕೊಡುವುದಕ್ಕೆ 1533 ಸಹಾಯವಾಣಿ ಇದೆ. ಮೊಬೈಲ್ ನಂಬರಿನಿಂದ ದೂರು ದಾಖಲಾದ ಮೇಲೆ ನೀವು ಅನಾಮಧೇಯರಲ್ಲ. ಸ್ಥಳಕ್ಕೆ ಬಂದ ಇಂಜಿನಿಯರ್ ‘ದೂರು ಕೊಟ್ಟವರು ಯಾರು’ ಎಂದು ಅಕ್ಕಪಕ್ಕ ವಿಚಾರಿಸಿದರೂ ಸಾಕು, ಬೀದಿಗೆಲ್ಲ ತಿಳಿಯುತ್ತದೆ. ಫೋಟೋ ಕೂಡ ಹೆಸರು ಹೇಳುತ್ತದೆ: ನಿಮ್ಮ ತಾರಸಿಯಿಂದ ತೆಗೆದ ಚಿತ್ರ ನಿಮ್ಮ ಮನೆಯನ್ನೇ ತೋರಿಸಿಕೊಡುತ್ತದೆ. ರಸ್ತೆಯಲ್ಲಿ ನಿಂತು ತೆಗೆಯಿರಿ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳು ಬೆಂಗಳೂರಿನವರ ಕೆಲಸಕ್ಕೆ ಬರುತ್ತವೆ. ಕಟ್ಟುವಷ್ಟು ಕಾಲವೂ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕು, ಕರೆಂಟು ನೀರಿನ ಕಾಯಂ ಸಂಪರ್ಕ ಒಸಿ (ಕಟ್ಟಡದಲ್ಲಿ ವಾಸಿಸಬಹುದು ಎಂಬ ಪ್ರಮಾಣಪತ್ರ) ತೋರಿಸಿದ ಮೇಲೆಯೇ ಸಿಗಬೇಕು ಎಂದು ಕೋರ್ಟ್ ಆಗ ಹೇಳಿತು. ಹಾಗಾಗಿ ‘ನಕ್ಷೆಯ ಫಲಕ ಇಲ್ಲ, ನಾಲ್ಕನೇ ಮಹಡಿಗೆ ಸೆಂಟ್ರಿಂಗ್ ಕಟ್ಟಿದ್ದಾರೆ, ಎಡಗಡೆ ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಖಾಲಿ ಜಾಗ) ಬಿಟ್ಟಿಲ್ಲ’ ಎಂದು ತಾರೀಕು ಹಾಕಿ ಬರೆದರೆ ದೂರುದಾರರ ಸಾಕ್ಷ್ಯವೇ ಬೇಕಾಗದು. ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟ್, ಹಾಕುವ ಮುನ್ನ ಬರೆಯುವುದು ಮುಖ್ಯ. ಮೋಲ್ಡ್ ಬಿದ್ದು ಜನ ಬಂದು ಕೂತ ಮೇಲೆ ತಾತ್ಕಾಲಿಕ ಆದೇಶ, ಖಚಿತ ಆದೇಶ, ಮೇಲ್ಮನವಿ, ತಡೆಯಾಜ್ಞೆ ಎಂದು ವರ್ಷಗಳು ಉರುಳುತ್ತವೆ.

ನಕ್ಷೆ ಮಂಜೂರಾಗಿದೆಯೇ ಎಂದು ತಿಳಿಯಲು ಆರ್‌ಟಿಐ ದಾರಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಗುಟ್ಟಾಗಿ ಮಾಹಿತಿ ಕೊಟ್ಟವರ ಗುರುತನ್ನು ಕಾಯುವ 8(1)(ಜಿ) ಕಲಮು ಅದೇ ಕಾಯ್ದೆಯಲ್ಲಿದೆ. ದೂರಿನಲ್ಲಿ ‘ನನ್ನ ಹೆಸರನ್ನು ಗೋಪ್ಯವಾಗಿಡಿ’ ಎಂದು ಬರೆದು ಈ ಕಲಮನ್ನು ನಮೂದಿಸಿ. ಆದರೆ ಆರ್‌ಟಿಐ ಅರ್ಜಿಗೆ ಹೆಸರು ಹಾಕಲೇಬೇಕು.

ಹೊರನಾಡಿನವರು ಮಾಡಬಹುದಾದ ಕೆಲಸ ಇಲ್ಲಿದೆ. ಪಕ್ಕದ ಕಟ್ಟಡದ ವಿರುದ್ಧ ಊರಲ್ಲಿರುವ ಅಪ್ಪ ಅಮ್ಮನಿಂದ ಸಹಿ ಹಾಕಿಸಬೇಡಿ. ಭಾರತದ ಪೌರತ್ವ ಇಟ್ಟುಕೊಂಡಿದ್ದರೆ ಆರ್‌ಟಿಐ ಅರ್ಜಿಯನ್ನು ನಿಮ್ಮ ಹೆಸರಿನಲ್ಲೇ ಹಾಕಿ, ವಿದೇಶಿ ಪೌರತ್ವ ಪಡೆದ ಒಸಿಐ ಕಾರ್ಡಿನವರಿಗೆ ಆ ಹಕ್ಕಿಲ್ಲ. ದಿನ ಬೆಳಗಾದರೆ ಆ ಪಕ್ಕದವರ ಮುಖ ನೋಡಬೇಕಾದವರು ಅಪ್ಪ ಅಮ್ಮ, ನೀವಲ್ಲ.