ಐದೂರನ್ನು ಒಂದೇ ದಿನಕ್ಕೆ ಮುಗಿಸಬೇಡಿ

ನಿಮ್ಮ ಇಟಲಿ ಪ್ರವಾಸದ ಲೇಖನ ಓದಿ ಖುಷಿಯಾಯಿತು. ಆದರೆ ಅಲ್ಲಿನ ಕಡಲ ದಂಡೆಯ ಚಿಂಕ್ವೆ ತೆರ್ರೆ ಪ್ರದೇಶದ ಐದೂ ಊರುಗಳನ್ನು ಒಂದೇ ದಿನ ನೋಡಿ ಸಂಜೆಗೆ ಜಿನೋವಾ ನಗರ ಸೇರಬಹುದು ಎಂದಿದ್ದೀರಲ್ಲ, ಅದಕ್ಕೆ ನನ್ನ ತಕರಾರಿದೆ. ರೈಲಿನಲ್ಲಿ ಊರಿಂದ ಊರಿಗೆ ಕೆಲವೇ ನಿಮಿಷ, ನಿಜ. ಬಹುಪಾಲು ಸುರಂಗ. ಸಮುದ್ರ ಕಂಡಿತು ಅನ್ನುವಷ್ಟರಲ್ಲಿ ಮತ್ತೆ ಕತ್ತಲೆ.

ನಾವೂ ಹಾಗೇ ಓಡಿದೆವು. ಕೊರ್ನೀಲಿಯಾದಲ್ಲಿ ಸುಸ್ತಾದೆವು. ಐದರಲ್ಲಿ ಅದೊಂದೇ ಊರು ಗುಡ್ಡದ ನೆತ್ತಿ ಮೇಲಿದೆ. ಸ್ಟೇಷನ್ನಿನಿಂದ 370ಕ್ಕೂ ಜಾಸ್ತಿ ಮೆಟ್ಟಿಲು. ಬಸ್ಸಿದೆ ಅಂತ ಗೊತ್ತಾಗಿದ್ದು ಹತ್ತಿ ಮುಗಿದ ಮೇಲೆ!

ಅಲ್ಲಿ ನಿಧಾನವಾಗಿ ನೋಡಬೇಕಾದ್ದು ಬಣ್ಣದ ಮನೆಗಳನ್ನಲ್ಲ, ಅವುಗಳ ಹಿಂದಿನ ಇಳಿಜಾರನ್ನು. ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಬೆಳೆದಿದ್ದಾರೆ. ನೋಡಿಕೊಳ್ಳುವ ಕೈ ಕಡಿಮೆಯಾದರೆ ಗೋಡೆ ಕುಸಿಯುತ್ತದೆ, ಮಣ್ಣು ಜಾರುತ್ತದೆ. 2011ರ ಅಕ್ಟೋಬರ್ ಮಳೆಗೆ ಐದೂರಲ್ಲೊಂದಾದ ವೆರ್ನಾತ್ಸಾದ ಬೀದಿಯೆಲ್ಲ ಕೆಸರು, ಕಲ್ಲು ತುಂಬಿತ್ತು. ಈಗ ಅದೇ ಬೀದಿಯಲ್ಲಿ ಐಸ್‌ಕ್ರೀಮಿಗೆ ಕ್ಯೂ.

ಜಿನೋವಾಕ್ಕೆ ಕನಿಷ್ಠ ಎರಡು ದಿನ ಕೊಡಿ. ಹಳೇ ಪೇಟೆಯ ಓಣಿಗಳಲ್ಲಿ ಸುಮ್ನೆ ದಾರಿ ತಪ್ಪಿ. ಸಾನ್ ಲೊರೆಂಜೊ ಚರ್ಚಿನೊಳಗೆ 1941ರಲ್ಲಿ ಬ್ರಿಟಿಷ್ ಹಡಗಿನಿಂದ ಬಂದು ಬಿದ್ದು, ಸಿಡಿಯದೇ ಉಳಿದ ಫಿರಂಗಿ ಗುಂಡನ್ನು ನೆನಪಿಗೆ ಇಟ್ಟಿದ್ದಾರೆ.

ಸಸ್ಯಾಹಾರಿಗಳು ಪರದಾಡಬೇಕು ಅಂದಿರಿ. ಅಲ್ಲಿ ಫರಿನಾತಾ ಅನ್ನೋ ದೋಸೆಯಂಥ ತಿಂಡಿ ಕೇಳಿ ನೋಡಿ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ನಮ್ಮ ಅಮ್ಮ ಒಂದು ತುತ್ತು ತಿಂದು, "ಇದಕ್ಕೆ ಹಸಿಮೆಣಸಿನಕಾಯಿ ಹಾಕೋದು ಮರೆತಿದ್ದಾರೆ" ಅಂದರು.