ಪಾಲ್ಮನೋವಾದಲ್ಲಿ ನಕ್ಷತ್ರ ಹುಡುಕುವ ಪಾಡು

ಇಟಲಿಯ ಈಶಾನ್ಯ ಮೂಲೆಯಲ್ಲಿರುವ ಕೋಟೆಯೂರು ಪಾಲ್ಮನೋವಾಗೆ ಜನ ಬರುವುದೇ ಒಂದು ಫೋಟೊ ನೋಡಿ. ಒಂಬತ್ತು ಮೊನೆಗಳ ನಕ್ಷತ್ರ, ಸುತ್ತ ಹಸಿರು ಕಂದಕ, ನಟ್ಟನಡುವೆ ಅಳೆದು ಕೊರೆದಂಥ ಷಟ್ಕೋನ. ಅದೇ ಗುಂಗಿನಲ್ಲಿ ಬಸ್ಸಿಳಿದವರ ಕಣ್ಣಿಗೆ ಬೀಳುವುದು ಹುಲ್ಲು ಬೆಳೆದ ಒಂದು ದಿಬ್ಬ. ಅದರ ಪಕ್ಕದಲ್ಲಿ ಇನ್ನೊಂದು ದಿಬ್ಬ. ನಕ್ಷತ್ರ ಎಲ್ಲಿ ಎಂದು ಕೇಳಿದರೆ ಊರಿನವರು ಕಾಲಡಿ ತೋರಿಸುತ್ತಾರೆ. ಅವರೇನೂ ತಮಾಷೆ ಮಾಡುತ್ತಿರುವುದಿಲ್ಲ.

ತಪ್ಪು ಊರಿನದಲ್ಲ. ವೆನಿಸ್ ಗಣರಾಜ್ಯ 1593ರ ಅಕ್ಟೋಬರ್ 7ರಂದು ಇದಕ್ಕೆ ಅಡಿಗಲ್ಲು ಹಾಕಿದ್ದೇ ಹೊರಗಿನಿಂದ ಬಂದವನಿಗೆ ಏನೂ ಕಾಣಬಾರದು ಎಂದು. ಫಿರಂಗಿ ಬಂದ ಮೇಲೆ ಎತ್ತರದ ಕಲ್ಲುಗೋಡೆಗೆ ಬೆಲೆಯಿಲ್ಲದಾಯಿತು. ಎತ್ತರವಿದ್ದಷ್ಟೂ ಗುರಿ ಸುಲಭ, ಗುಂಡು ಬಿದ್ದರೆ ಗೋಡೆ ಕುಸಿದು ಕಂದಕವನ್ನೇ ತುಂಬಿಬಿಡುತ್ತದೆ. ಹಾಗಾಗಿ ಗೋಡೆಯನ್ನು ತಗ್ಗಿಸಿದರು, ದಪ್ಪ ಮಾಡಿದರು, ಹಿಂದೆ ಮಣ್ಣು ತುಂಬಿದರು. ಮಣ್ಣು ಗುಂಡನ್ನು ನುಂಗಿಕೊಂಡು ಸುಮ್ಮನಿರುತ್ತದೆ. ಮೊನೆಗಳು ಬಂದದ್ದೂ ಚೆಂದಕ್ಕಲ್ಲ. ಒಂದು ಕೊತ್ತಲದ ಬುಡಕ್ಕೆ ಬಂದು ಅಡಗಿದವನನ್ನು ಪಕ್ಕದ ಕೊತ್ತಲದವರು ಹೊಡೆಯುವಂತಿರಬೇಕು, ಎಲ್ಲೂ ಮರೆ ಸಿಗಬಾರದು, ಅಷ್ಟೇ ಲೆಕ್ಕ. ಇಗರ್ಜಿಯ ಗಂಟೆಗೋಪುರವನ್ನು ಕೂಡ ದೂರದಿಂದ ಶತ್ರುವಿಗೆ ಗುರುತು ಸಿಗದಿರಲೆಂದು ಗಿಡ್ಡವಾಗಿಯೇ ಕಟ್ಟಿದ್ದಾರೆ. ಮೇಲೇರಿ ಫೋಟೊ ತೆಗೆಯೋಣ ಎಂದುಕೊಂಡವರ ಆಸೆಯೂ ಅಲ್ಲಿಗೆ ಮುಗಿಯಿತು.

ಉಳಿದದ್ದು ಡ್ರೋನ್. ಇದನ್ನು ಹೊತ್ತು ತರುವವರ ಮುಖದಲ್ಲಿ ಒಂದು ಗೆಲುವಿರುತ್ತದೆ, ಅರ್ಧ ಗಂಟೆಯಲ್ಲಿ ಅದು ಇಳಿಯುತ್ತದೆ. ಯುರೋಪಿನ ನಿಯಮದ ಪ್ರಕಾರ ಆಟಿಕೆಯಲ್ಲದ, ಕ್ಯಾಮೆರಾ ಇರುವ ಡ್ರೋನ್ ಹಾರಿಸುವವರು ಮೊದಲು ನೋಂದಣಿ ಮಾಡಿಸಿಕೊಂಡಿರಬೇಕು, 250 ಗ್ರಾಮಿಗಿಂತ ಹಗುರವಾದರೂ ಬಿಡುವುದಿಲ್ಲ. ಅದೆಲ್ಲ ಆಯಿತು ಎಂದೇ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಏರಬಹುದಾದ ಎತ್ತರ 120 ಮೀಟರ್. ಅಲ್ಲಿಂದ ನೇರ ಕೆಳಗೆ ನೋಡಿದರೆ ಮಾಮೂಲಿ ಲೆನ್ಸಿಗೆ ಮೂಲೆಯಿಂದ ಮೂಲೆಗೆ ಸುಮಾರು 200 ಮೀಟರ್ ನೆಲ ಸಿಗುತ್ತದೆ. ಊರಿನ ಅಗಲ ಒಂದು ಕಿಲೋಮೀಟರಿಗೂ ಹೆಚ್ಚು. ಅಂದರೆ ಬ್ಯಾಟರಿ ಖಾಲಿಯಾಗುವ ಹೊತ್ತಿಗೆ ನಿಮ್ಮ ಬಳಿ ಕೆಲವು ಹೆಂಚಿನ ಮಾಡುಗಳು, ಒಂದಷ್ಟು ಹುಲ್ಲು, ಕತ್ತೆತ್ತಿ ಡ್ರೋನನ್ನೇ ನೋಡುತ್ತಿರುವ ಒಬ್ಬ ಮಹಾಶಯ ಇರುತ್ತಾರೆ. ಲೆನ್ಸನ್ನು ಓರೆ ಮಾಡಿದರೆ ಒಂದೆರಡು ಮೊನೆ ಚೆನ್ನಾಗಿ ಬರುತ್ತವೆ. ಪೂರ್ತಿ ನಕ್ಷತ್ರ ಬೇಕಿದ್ದವರು ಅಂಚೆಕಾರ್ಡು ಕೊಳ್ಳುವುದು ಲೇಸು.

ಊರೊಳಗೆ ಬಂದರೆ ಬೇರೆಯೇ ಫಜೀತಿ. ನಡುವಿನ ಚೌಕ ಪಿಯಾತ್ಸಾ ಗ್ರಾಂದೆಗೆ ಆರು ಬದಿ, ಆರು ದಿಕ್ಕಿನಿಂದ ಬಂದು ಸೇರುವ ಆರು ದೊಡ್ಡ ಬೀದಿ. ಬೀದಿಗಳ ಬಾಯಲ್ಲಿ ನಿಂತ ವೆನಿಸ್ಸಿನ ಹಳೆಯ ಅಧಿಕಾರಿಗಳ ಕಲ್ಲುಪ್ರತಿಮೆಗಳನ್ನು ಗುರುತಿಟ್ಟುಕೊಳ್ಳುತ್ತೇನೆ ಎಂದರೆ ಎಲ್ಲರದೂ ಒಂದೇ ಠೀವಿ. ಬಾವುಟದ ಕಂಬ ನಂಬಿದರೆ ಅದು ಸರಿಯಾಗಿ ಮಧ್ಯದಲ್ಲಿದೆ, ಯಾವ ಕಡೆಯಿಂದ ನೋಡಿದರೂ ಅದೇ ಕಂಬ. ನಂಬಬಹುದಾದದ್ದು ಇಗರ್ಜಿಯ ಬಿಳಿ ಮುಂಭಾಗ ಒಂದೇ. ಮಹಾದ್ವಾರಗಳು ಮೂರು: ಊದಿನೆ, ಚಿವಿದಾಲೆ, ಅಕ್ವಿಲೇಯಾ. ಒಂದು ದ್ವಾರದಿಂದ ಒಳಬಂದವರು ಚೌಕ ದಾಟಿ ಮೂಗಿನ ನೇರಕ್ಕೆ ನಡೆದರೆ ಇನ್ನೊಂದು ದ್ವಾರ ಸಿಕ್ಕೀತು ಎಂದುಕೊಳ್ಳುತ್ತಾರೆ. ಸಿಗುವುದಿಲ್ಲ. ಒಂಬತ್ತು ಬೆಸಸಂಖ್ಯೆ, ದ್ವಾರವಿರುವುದು ಎರಡು ಕೊತ್ತಲಗಳ ನಡುವೆ, ಹಾಗಾಗಿ ಅದರ ನೇರ ಎದುರಿಗೆ ಯಾವಾಗಲೂ ಕೊತ್ತಲವೇ ಬರುತ್ತದೆ. ಕೊನೆಗೆ ಮಣ್ಣಿನ ದಿಬ್ಬಕ್ಕೆ ಮುಖ ಕೊಟ್ಟು ನಿಂತು, ಫೋನನ್ನು ತಿರುಗಿಸಿ ಮುರುಗಿಸಿ ನೋಡುವವರು ದಿನಾ ಇದ್ದೇ ಇರುತ್ತಾರೆ. ಚೌಕದಲ್ಲಿ ಅರವತ್ತು ಡಿಗ್ರಿ ಓರೆ ಹಿಡಿದಿದ್ದರೆ ಸಾಕಿತ್ತು.

ಊದಿನೆ ದ್ವಾರದಲ್ಲಿ ಎತ್ತುಸೇತುವೆಯನ್ನು ಮೇಲೆಳೆಯುತ್ತಿದ್ದ ದೊಡ್ಡ ಮರದ ಗಾಲಿಗಳು ಇನ್ನೂ ಉಳಿದಿವೆ, ಬಿಡದೆ ನೋಡಬೇಕು. ಆದರೆ ಕತ್ತು ಮೇಲೆತ್ತುವ ಮುನ್ನ ಹಿಂದೆ ನೋಡಿಕೊಳ್ಳಿ. ಕಾರುಗಳು ಓಡಾಡುವುದೂ ಅದೇ ಕಿರಿದಾದ ಕಮಾನಿನೊಳಗೆ.

ನಿಜವಾದ ಪೇಚಾಟವಿರುವುದು ಕಂದಕದಲ್ಲಿ. ಕೋಟೆ ಒಂದಲ್ಲ, ಮೂರು ಸುತ್ತು. ಒಳಗಿನದು ಮೊದಲಿನದು. ಅದರ ಮುಂದೆ, ಮುಖ್ಯ ಗೋಡೆಯಿಂದ ಬಿಡಿಯಾಗಿ ನಿಂತ ತ್ರಿಕೋನದ ದಿಬ್ಬಗಳಾದ ರಾವೆಲಿನ್‌ಗಳ ಸಾಲನ್ನು ವೆನಿಸ್ಸಿನವರೇ 1658ರಿಂದ 1690ರ ನಡುವೆ ಸೇರಿಸಿದರು. ಅದಕ್ಕೂ ಹೊರಗೆ ಬಿಡಿಯಾಗಿ ನಿಂತ ಸಣ್ಣ ಕಾವಲುದಿಬ್ಬಗಳಾದ ಲೂನೆಟ್‌ಗಳು ನೆಪೋಲಿಯನ್ ಕಾಲದವು, 1806ರಿಂದ 1813ರವು. ಹೊಸ ತೋಪುಗಳ ಗುಂಡು ಇನ್ನೂ ದೂರ ಹಾರುತ್ತಿತ್ತು, ಅದಕ್ಕೇ ಶತ್ರುವನ್ನು ಇನ್ನೂ ಆಚೆಗೇ ತಡೆಯಬೇಕಾಯಿತು. ಪ್ರತಿಯೊಂದು ಸುತ್ತಿಗೂ ತನ್ನದೇ ತಗ್ಗು, ತನ್ನದೇ ಕಾಲುದಾರಿ, ಎಲ್ಲವೂ ಅಣ್ಣತಮ್ಮಂದಿರಂತೆ ಒಂದೇ ಮುಖ. ಫೊಸ್ಕಾರಿನಿ ಕೊತ್ತಲ ದಾಟಿದೆವೋ ಗ್ರಿಮಾನಿಯೋ ಎಂಬ ಚರ್ಚೆ ಹತ್ತಿದರೆ ಅದು ಸುಲಭಕ್ಕೆ ಬಗೆಹರಿಯುವುದಲ್ಲ.

ಇಲ್ಲಿ ಫೋನಿನ ನಕ್ಷೆ ಹೇಳುವ ಸುಳ್ಳಿಗೆ ಲೆಕ್ಕವಿಲ್ಲ. ಕಾಫಿ ಅಂಗಡಿ ಮೂವತ್ತೇ ಮೀಟರ್ ಎಂದು ಅದು ಹೇಳುತ್ತದೆ. ನಿಜವೇ, ಆದರೆ ನೀವು ಗೋಡೆಯ ಬುಡದಲ್ಲಿದ್ದೀರಿ, ಅಂಗಡಿ ಗೋಡೆಯ ಆಚೆಗಿದೆ. ಬೇರೆ ದಾರಿಯಿಲ್ಲದೆ ದ್ವಾರದವರೆಗೆ ಸುತ್ತಿ ಬರಬೇಕು. ಅಡ್ಡದಾರಿ ಎಂದು ಹುಲ್ಲಿನ ಇಳಿಜಾರು ಹತ್ತುವವರು ಹತ್ತುವಾಗ ಗೆಲ್ಲುತ್ತಾರೆ, ಇಳಿಯುವಾಗ ಸೋಲುತ್ತಾರೆ: ಬೆಳಗಿನ ಇಬ್ಬನಿಗೆ ಅಥವಾ ಮಳೆಗೆ ನೆಂದ ಹುಲ್ಲಿನ ಮೇಲೆ ನುಣುಪು ಅಟ್ಟೆಯ ಬೂಟು ನಿಲ್ಲುವುದಿಲ್ಲ, ಕೂತೇ ಇಳಿಯಬೇಕಾಗುತ್ತದೆ. ಬಿಳಿ ಪ್ಯಾಂಟಿಗೆ ಈ ಊರು ಹೇಳಿ ಮಾಡಿಸಿದ್ದಲ್ಲ. ದಿಬ್ಬದ ಮೇಲೆ ನಡೆಯುವಾಗ ಅಂಚಿನಿಂದ ಎರಡು ಹೆಜ್ಜೆ ಒಳಗಿರಿ. ಹುಲ್ಲು ಗೋಡೆಯ ತುದಿಯವರೆಗೂ ಬೆಳೆದಿರುತ್ತದೆ, ಎಲ್ಲಿ ಮುಗಿಯಿತು ಎಂದು ಅದು ಹೇಳುವುದಿಲ್ಲ. ಬೇಸಿಗೆಯಲ್ಲಿ ಉದ್ದ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆಹುಳುಗಳಿರುತ್ತವೆ. ಉದ್ದ ಕಾಲುಚೀಲ ಹಾಕಿ, ಪ್ಯಾಂಟಿನ ತುದಿಯನ್ನು ಅದರೊಳಗೆ ಸಿಕ್ಕಿಸಿಕೊಳ್ಳಿ, ರಾತ್ರಿ ಮಂಡಿಯ ಹಿಂದೆ, ಸೊಂಟದ ಸುತ್ತ ಒಮ್ಮೆ ನೋಡಿಕೊಳ್ಳಿ. ಅವತಾರ ಹಾಸ್ಯಾಸ್ಪದವಾಗಿರುತ್ತದೆ, ಪರವಾಗಿಲ್ಲ.

ಇಂಥ ಊರು ಕಟ್ಟಿದ ಮೇಲೆ ವಾಸಕ್ಕೆ ಯಾರೂ ಬರಲಿಲ್ಲ ಎನ್ನುವುದು ಇಲ್ಲಿನ ದೊಡ್ಡ ತಮಾಷೆ. 1622ರಲ್ಲಿ ವೆನಿಸ್ ಕೈದಿಗಳಿಗೆ ಕ್ಷಮೆ ಕೊಟ್ಟು, ಮನೆ ಕಟ್ಟಲು ಜಾಗವನ್ನೂ ಪುಕ್ಕಟೆ ಕೊಟ್ಟು ಜನರನ್ನು ತುಂಬಿಸಬೇಕಾಯಿತು. 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಕ್ಷಮೆಯ ಆಮಿಷವಿಲ್ಲದೆಯೂ ಜನ ಬರುತ್ತಾರೆ.

ರೈಲು ನಿಲ್ದಾಣವಿರುವುದು ಗೋಡೆಯ ಹೊರಗೆ. ಬೆಳಿಗ್ಗೆ ಯಾವ ದ್ವಾರದಿಂದ ಒಳಬಂದಿರೋ ಅದರ ಹೆಸರಿನ ಫಲಕದ ಫೋಟೊ ತೆಗೆದಿಟ್ಟುಕೊಳ್ಳಿ. ಸಂಜೆ ಬೇರೆ ದ್ವಾರದಲ್ಲಿ ಹೊರಬಿದ್ದಿರಿ ಎಂದು ಗೊತ್ತಾದರೆ ಹೊರಗಿನಿಂದ ಸುತ್ತಿಕೊಂಡು ಹೋಗುವ ಸಾಹಸ ಬೇಡ, ಮೂರು ಸುತ್ತಿನ ಮೊನೆಗಳನ್ನೂ ಬಳಸಿ ಹೋಗುವಷ್ಟರಲ್ಲಿ ರೈಲು ಹೋಗಿರುತ್ತದೆ. ವಾಪಸ್ ಚೌಕಕ್ಕೆ ಬನ್ನಿ, ಸರಿಯಾದ ಬೀದಿ ಹಿಡಿಯಿರಿ. ಯಂತ್ರದಲ್ಲಿ ಮುದ್ರೆ ಒತ್ತಿಸಬೇಕಾದ ಕಾಗದದ ಟಿಕೆಟ್ಟಾದರೆ ಅದನ್ನು ರೈಲು ಹತ್ತುವ ಮುಂಚೆಯೇ ಮುಗಿಸಿ.