ಗಾಜಿನ ಮೇಲೆ ನಾಲ್ಕು ಕಾಲು

ರಜೆಗೆಂದು ಧಾರವಾಡದಿಂದ ನಮ್ಮ ಡೊಂಬಿವಲಿ ಮನೆಗೆ ಹೆಂಡತಿಯ ಅಣ್ಣನ ಮಗಳು ಪಲ್ಲವಿ ಬಂದಿದ್ದಳು. ಜೊತೆಗೆ ನಮ್ಮ ಅತ್ತೆ. ಹುಡುಗಿ ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ. ಬ್ಯಾಗು ಕೆಳಗಿಡುವ ಮೊದಲೇ, "ಮಾಮಾ, ನನಗ ಸ್ಕೈವಾಕ್ ತೋರಸ್ರಿ" ಅಂದಳು.

ಅಷ್ಟೇ ತಾನೆ ಅಂತ ಸಂಜೆ ನಮ್ಮ ಲೈನಿನ ಒಂದು ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಮುಂಬೈಯವರಿಗೆ ಸ್ಕೈವಾಕ್ ಅಂದರೆ ಇನ್ನೊಂದು ಅರ್ಥವೇ ಇಲ್ಲ. ರೈಲಿನಿಂದ ಇಳಿದವರು ರಸ್ತೆಯ ಗದ್ದಲಕ್ಕೆ ಸಿಗದೆ, ರಿಕ್ಷಾಗಳ ತಲೆ ಮೇಲಿಂದ ನಡೆದುಹೋಗುವ ಉದ್ದನೆಯ ದಾರಿ ಅದು. 2008ರಲ್ಲಿ ಬಾಂದ್ರಾ ಪೂರ್ವದಲ್ಲಿ ಮೊದಲನೆಯದು ಶುರುವಾಯ್ತು. ಆಮೇಲೆ ಊರ ತುಂಬ ಎದ್ದವು. ನಾನು ದೊಡ್ಡ ಗೈಡಿನ ಹಾಗೆ ಮುಂದೆ ನಡೆದೆ. ನೂರು ರೂಪಾಯಿಗೆ ಮೂರು ಜೊತೆ ಸಾಕ್ಸ್ ಮಾರುವವನನ್ನು ದಾಟಿ, ಕಾಲು ಚಾಚಿ ಮಲಗಿದ್ದ ನಾಯಿಯನ್ನು ದಾಟಿ, ನಡುಮಧ್ಯ ನಿಂತು, "ನೋಡವ್ವಾ, ಇದೇ ಸ್ಕೈವಾಕ್" ಅಂದೆ.

ಪಲ್ಲವಿ ಕಾಲ ಕೆಳಗೆ ನೋಡಿದಳು. ಮತ್ತೆ ನನ್ನ ಮುಖ ನೋಡಿದಳು.

"ಗಾಜು ಎಲ್ಲದ ಮಾಮಾ?"

ಅವಳು ಕೇಳಿದ್ದು ಚೀನಾ, ಅಮೆರಿಕದಲ್ಲಿ ಇರುತ್ತವಲ್ಲ, ಆ ಥರದ್ದು. ಪ್ರಪಾತದ ಮೇಲೆ ಗಾಜಿನ ನೆಲ, ಮೇಲೆ ಕಿರುಚುವ ಜನ. ನನಗೆ ಅವಮಾನ ಆಯ್ತು. ಅದನ್ನು ಮುಚ್ಚಿಕೊಳ್ಳಲು ಎರಡು ದಿನ ರಾತ್ರಿ ಹನ್ನೆರಡರ ತನಕ ಮೊಬೈಲ್ ಹಿಡಿದು ಗಾಜಿನ ಸೇತುವೆಗಳ ವಿಷಯ ಓದಿದೆ. ಮೂರನೇ ದಿನ ಊಟಕ್ಕೆ ಕೂತಾಗ ಪ್ರವಚನ ಶುರು ಮಾಡಿದೆ.

ಚೀನಾದ ಝಾಂಗ್‌ಜಿಯಾಜಿಯೆಯಲ್ಲಿ 430 ಮೀಟರ್ ಉದ್ದದ ಗಾಜಿನ ಸೇತುವೆ, ಕೆಳಗೆ ಸುಮಾರು 300 ಮೀಟರ್ ಆಳ. ಜನರಿಗೆ ಧೈರ್ಯ ಬರಲಿ ಅಂತ ಗಾಜಿಗೆ ದೊಡ್ಡ ಸುತ್ತಿಗೆಯಿಂದ ಹೊಡೆಸಿದರು, ಮೇಲೆ ಕಾರು ಓಡಿಸಿದರು. ಧೈರ್ಯ ಸ್ವಲ್ಪ ಜಾಸ್ತಿಯೇ ಬಂತು. 2016ರ ಆಗಸ್ಟ್‌ನಲ್ಲಿ ತೆರೆದದ್ದು, ನುಗ್ಗಿದ ಜನ ತಡೆಯಲಾಗದೆ ಹದಿಮೂರೇ ದಿನಕ್ಕೆ ಮುಚ್ಚಬೇಕಾಯ್ತು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ದು 2007ರದು, ಕುದುರೆ ಲಾಳದ ಆಕಾರ, ಹುವಲಪೈ ಅನ್ನುವ ಆದಿವಾಸಿ ಜನರ ನೆಲದಲ್ಲಿದೆ. ಅಲ್ಲಿ ಬಹಳ ವರ್ಷ ಮೊಬೈಲ್, ಕ್ಯಾಮೆರಾ ಒಯ್ಯಲು ಬಿಡುತ್ತಿರಲಿಲ್ಲ.

"ಫೋಟೋ ತಗೀಲಿಕ್ಕೆ ಬಿಡದಿದ್ದರ ಅಷ್ಟು ದೂರ ಹೋಗೂದರ ಯಾಕ?" ಅಂದರು ಅತ್ತೆ. ಈ ಪ್ರಶ್ನೆಗೆ ನನ್ನ ಓದಿನಲ್ಲಿ ಉತ್ತರ ಸಿಕ್ಕಿರಲಿಲ್ಲ.

ಗಾಜು ಒಡೆದರೆ ಏನು ಗತಿ ಅಂತ ಹೆಂಡತಿ ಕೇಳಿದಳು. ನಾನು ತಟ್ಟೆಯ ಚಪಾತಿ ಎತ್ತಿ ಪದರ ಬಿಡಿಸಿ ತೋರಿಸಿದೆ. ಒಂದೇ ಗಾಜಲ್ಲ, ಹೀಗೆ ಎರಡು ಮೂರು ಪದರ. ನಡುವೆ ನಾವು ಎಣ್ಣೆ ಹಚ್ಚುತ್ತೇವಲ್ಲ, ಅಲ್ಲಿ ಪ್ಲಾಸ್ಟಿಕ್ ಹಾಳೆ.

"ಎಣ್ಣಿ ಹಚ್ಚೂದು ಪದರ ಬಿಡ್ಲಿ ಅಂತ" ಅಂದರು ಅತ್ತೆ.

"ಅಜ್ಜಿ ಹೇಳೂದು ಖರೇ" ಅಂದಳು ಪಲ್ಲವಿ. "ಆ ಹಾಳಿ ಇರೂದು ಪದರ ಬಿಡಬಾರದು ಅಂತ. ಒಂದು ಗಾಜು ಸೀಳಿದ್ರೂ ಚೂರು ಅದಕ್ಕ ಹತಗೊಂಡ ಇರ್ತಾವ. ಉಳಿದ ಪದರ ಭಾರ ಹೊರ್ತಾವ." ಶಿಕಾಗೋದ ವಿಲ್ಲಿಸ್ ಟವರಿನಲ್ಲಿ 103ನೇ ಮಹಡಿಯ ಗಾಜಿನ ಪೆಟ್ಟಿಗೆಯೊಳಗೆ ನಿಂತವರ ಕಾಲಡಿ 2014ರಲ್ಲಿ ಬಿರುಕು ಓಡಿತಂತೆ. ನೋಡಿದರೆ ಸೀಳಿದ್ದು ಗಾಜಿಗೆ ಗೀರು ಬೀಳದಿರಲಿ ಅಂತ ಬಳಿದ ಮೇಲಿನ ಲೇಪ ಮಾತ್ರ. ಚೀನಾದ ತೈಹಾಂಗ್ ಬೆಟ್ಟದವರು ಇನ್ನೂ ಮುಂದೆ ಹೋದರು. ಕಾಲಿಟ್ಟ ತಕ್ಷಣ ಗಾಜು ಬಿರಿದ ಹಾಗೆ ಚಿತ್ರ ಮೂಡಿ, ಸದ್ದು ಬರುವಂತೆ ಮಾಡಿದರು. ಪಾಪ, ಒಬ್ಬ ಗೈಡ್ ಅಲ್ಲೇ ಕುಸಿದು ಒದ್ದಾಡುವ ವಿಡಿಯೋ 2017ರಲ್ಲಿ ಊರೆಲ್ಲ ಓಡಾಡಿತು. ಕೊನೆಗೆ ಅವರು ಕ್ಷಮೆ ಕೇಳಿದರು. ಆ ವಿಡಿಯೋ ಹಾಕಿ ನಾನು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದಕ್ಕೂ ನಕ್ಕಿದ್ದೆ. 1960ರಲ್ಲಿ ಗಿಬ್ಸನ್ ಮತ್ತು ವಾಕ್ ಅನ್ನುವ ಇಬ್ಬರು ಅಮೆರಿಕದ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಎತ್ತರದ ಮೇಜು, ಅದರ ಅರ್ಧ ಭಾಗ ಬರೀ ಗಾಜು, ಕೆಳಗೆ ಆಳ. ಅಂಬೆಗಾಲಿಡುವ 36 ಮಕ್ಕಳನ್ನು ಬಿಟ್ಟು ಆಚೆಯಿಂದ ತಾಯಂದಿರು ಕರೆದರು. ಕೂತಲ್ಲಿಂದ ಕದಲಿದವು 27. ಗಾಜಿನ ಮೇಲೆ ಹೋದವು ಮೂರೇ ಮೂರು. "ಗಾಜು ಗಟ್ಟಿ ಇದೆ ಅಂತ ಗೊತ್ತಿಲ್ಲ, ಕೂಸುಗಳು ನೋಡು" ಅಂದೆ. 1985ರಲ್ಲಿ ಇನ್ಯಾರೋ, ಆಳ ಕಡಿಮೆ ಮಾಡಿ, ತಾಯಿಯ ಮುಖ ನೋಡಿ ಮಗು ಏನು ಮಾಡುತ್ತೆ ಅಂತ ಪರೀಕ್ಷಿಸಿದರು. ತಾಯಿ ನಕ್ಕರೆ 19ರಲ್ಲಿ 14 ಮಕ್ಕಳು ದಾಟಿದವು. ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ.

ಗಂಟೆಗಟ್ಟಲೆ ಇಷ್ಟು ಹೇಳಿ ನೀರು ಕುಡಿಯುವಾಗ ಅತ್ತೆ, "ನಾ ಹ್ವಾದ ವರ್ಷ ಭಜನಿ ಮಂಡಳಿ ಜೋಡಿ ಕನ್ಯಾಕುಮಾರಿಗೆ ಹೋದಾಗ ಅಂಥಾದ್ದರ ಮ್ಯಾಲೆ ನಡದೇನಿ" ಅಂದರು. ವಿವೇಕಾನಂದ ಬಂಡೆಯಿಂದ ತಿರುವಳ್ಳುವರ್ ಮೂರ್ತಿಯ ತನಕ, 77 ಮೀಟರ್, ಕೆಳಗೆ ಸಮುದ್ರ. "ಮತ್ತ ಮೊದಲ ಯಾಕ ಹೇಳ್ಲಿಲ್ಲ?" ಅಂತ ಹೆಂಡತಿ ಕೇಳಿದ್ದಕ್ಕೆ, "ಅಳಿಯಂದ್ರು ಹೇಳ್ಲಿಕ್ಕತ್ತಿದ್ರಲ್ಲ" ಅಂದರು.

ಮರ್ಯಾದೆಯ ಪ್ರಶ್ನೆ. ಮುಂಬೈಯಲ್ಲೇ ಗಾಜು ತೋರಿಸುತ್ತೇನೆ ಅಂತ ಹೊರಟೆ. 2025ರ ಮಾರ್ಚ್‌ನಲ್ಲಿ ಮಲಬಾರ್ ಹಿಲ್‌ನಲ್ಲಿ ಕಮಲಾ ನೆಹರೂ ಪಾರ್ಕಿನ ಹತ್ತಿರ ಮರಗಳ ನಡುವೆ ಎತ್ತರದ ನಡೆದಾರಿ ತೆರೆದಿದ್ದಾರೆ. 485 ಮೀಟರ್, ಮರದ ಹಲಗೆ, ನಡುವೆ ಒಂದು ಕಡೆ ಗಾಜಿನ ನೆಲದ ಕಟ್ಟೆ. ಟಿಕೆಟ್ 25 ರೂಪಾಯಿ. ಮೊದಲೇ ಮೊಬೈಲಿನಲ್ಲಿ ಹೊತ್ತು ಗೊತ್ತು ಮಾಡಿಕೊಂಡು ಹೋಗಬೇಕು. ಭಾನುವಾರ ಬೆಳಗ್ಗೆ ದಾದರಿನಲ್ಲಿ ಲೈನ್ ಬದಲಿಸಿ ಚರ್ನಿ ರೋಡ್, ಅಲ್ಲಿಂದ ಟ್ಯಾಕ್ಸಿ.

ಒಳಗೆ ಹೋದರೆ ಮುಂಬೈ ಅನ್ನಿಸುವುದಿಲ್ಲ. ಹಕ್ಕಿ ಕೂಗುತ್ತೆ, ಎಲೆ ಮುಖಕ್ಕೆ ತಾಗುತ್ತೆ. ಹಲಗೆಯ ಮೇಲೆ ನಾನೇ ಮುಂದೆ. ಇಪ್ಪತ್ತಾರು ವರ್ಷ ಸೆಂಟ್ರಲ್ ಲೈನಿನಲ್ಲಿ ಓಡಾಡಿದವನು. ಒಂದು ಕಾಲು ಲೋಕಲ್ ಟ್ರೇನಿನ ಬಾಗಿಲಲ್ಲಿ, ಇನ್ನೊಂದು ಕಾಲು ಗಾಳಿಯಲ್ಲಿ ಇಟ್ಟು ಕಳವಾ ಖಾಡಿ, ಅಂದರೆ ಸಮುದ್ರದ ಹಿನ್ನೀರನ್ನು ದಾಟಿದವನು. ಆಗೆಲ್ಲ ನಾನು ಯೋಚಿಸುತ್ತಿದ್ದದ್ದು ಡಬ್ಬಿಯ ಸಾರು ಚೆಲ್ಲುತ್ತೋ ಏನೋ ಅಂತ.

ಗಾಜು ಬಂತು. ಎದುರಿಗೆ ಗಿರ್‌ಗಾಂವ್ ಚೌಪಾಟಿ, ಆಚೆ ಸಮುದ್ರ. ಅದನ್ನು ನೋಡಬೇಕಿತ್ತು. ನಾನು ಕೆಳಗೆ ನೋಡಿದೆ. ಗಾಜಿನಡಿ ಒಂದು ಮರದ ನೆತ್ತಿ ಇತ್ತು. ಮರದ ನೆತ್ತಿಯನ್ನು ಮನುಷ್ಯ ನೋಡಬಾರದು. ಕೊಂಬೆಯ ಮೇಲೆ ಕಾಗೆ ಕೂತಿತ್ತು, ಅದರ ಬೆನ್ನು ಕಾಣುತ್ತಿತ್ತು. ಮೂರು ಪದರ, ಪ್ಲಾಸ್ಟಿಕ್ ಹಾಳೆ, ಸುತ್ತಿಗೆ, ಕಾರು, ಎಲ್ಲ ತಲೆಯಲ್ಲಿ ಸಾಲಾಗಿ ನಿಂತಿದ್ದವು. ಒಂದೂ ಮಂಡಿಯ ತನಕ ಇಳಿಯಲಿಲ್ಲ.

ಅತ್ತೆ ಇಳಕಲ್ ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು, "ಇಷ್ಟು ಗಾಜು ದಿನಾ ಯಾರು ಒರಸ್ತಾರ?" ಅನ್ನುತ್ತ ಆಚೆ ಹೋಗೇಬಿಟ್ಟರು.

ಆಗ ನನಗೊಂದು ಉಪಾಯ ಹೊಳೆಯಿತು. ಹೆದರಿಕೆಗೆ ಕಾರಣ ಕಾಲ ಕೆಳಗಿನ ಗಾಜಲ್ಲ, ಮೂಗಿನ ಮೇಲಿನ ಗಾಜು. ಕನ್ನಡಕ ತೆಗೆದು ಅಂಗಿಯ ಜೇಬಿಗೆ ಸಿಕ್ಕಿಸಿದೆ. ಕಾಗೆ ಮಾಯ, ಮರ ಮಾಯ. ಎಲ್ಲ ಹಸಿರು ಕಲಸಿದ ಹಾಗೆ. ಎದೆ ಉಬ್ಬಿಸಿ ಹತ್ತು ಹೆಜ್ಜೆ ನಡೆದೆ. ಅಬ್ಬ, ಏನೂ ಇಲ್ಲ! ಎರಡೂ ಕೈ ಅಗಲಿಸಿ, "ನೋಡಿದ್ಯಾ?" ಅಂದೆ.

"ಮಾಮಾ" ಅಂದಳು ಪಲ್ಲವಿ, ತುಂಬ ಮೃದುವಾಗಿ. "ನೀವು ವಾಪಸ್ ಕಟಗಿ ಮ್ಯಾಲೆ ಹೋಗೀರಿ."

ಕಣ್ಣು ಮಂಜಾಗಿ ದಿಕ್ಕು ತಪ್ಪಿತ್ತು. ಹಿಂದೆ ಬಂದವರೆಲ್ಲ ನಿಂತು ನೋಡುತ್ತಿದ್ದರು. ಇನ್ನು ತಡೆಯುವ ಹಾಗಿಲ್ಲ. ತಿರುಗಿ ಸರಿಯಾದ ದಿಕ್ಕಿಗೆ ಎರಡು ಹೆಜ್ಜೆ ಗಾಜಿನ ಮೇಲೆ ಇಟ್ಟೆ. ಅಷ್ಟರಲ್ಲಿ ಕೆಳಗೆ ಏನೋ ಕಪ್ಪಗೆ ಪಟಪಟ ಅಂತ ಹಾರಿತು. ಅದೇ ಕಾಗೆ ಇರಬೇಕು. ನನ್ನ ಮಂಡಿಗಳು ನನ್ನನ್ನು ಕೇಳದೆ ಮಡಚಿಕೊಂಡವು. ಕೈ ಎರಡೂ ಗಾಜಿಗೆ ಊರಿದವು.

"ಅತ್ತಿ, ನಗ್ರಿ!" ಪಲ್ಲವಿ ನನ್ನ ಹೆಂಡತಿಗೆ ಕೂಗಿ ಹೇಳಿದಳು. "ನೀವು ನಕ್ಕರ ದಾಟ್ತಾರ. 19ರಾಗ 14!"

ನನ್ನ ಹೆಂಡತಿ ಆಚೆ ಕಡೆ ನಿಂತು ನಕ್ಕಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ನಗುವನ್ನು ಸೀರೆ ಅಂಗಡಿಯಲ್ಲಿ ಬಿಲ್ ನನ್ನ ಕೈಗೆ ಬರುವಾಗ ಮಾತ್ರ ನೋಡಿದ್ದೆ. ಇನ್ನೂ ಗಟ್ಟಿಯಾಗಿ ಗಾಜು ಹಿಡಿದುಕೊಂಡೆ. ಗಾಜಿಗೆ ಹಿಡಿಕೆ ಇರುವುದಿಲ್ಲ ಅನ್ನುವುದು ಅಲ್ಲಿ ಗೊತ್ತಾಯ್ತು.

ಕೊನೆಗೆ ಕಾವಲಿನ ಹುಡುಗ ಬಂದ. "ಕಾಕಾ, ಹಳೂಹಳೂ" ಅಂದ. ನಿಧಾನ ಅನ್ನುವುದಕ್ಕೆ ಮರಾಠಿಯ ಮಾತು. ನಾನು ಹಳೂಹಳೂ ನಾಲ್ಕೂ ಕಾಲಲ್ಲಿ ದಾಟಿದೆ. ಪಕ್ಕದಲ್ಲೇ ನಾಲ್ಕು ವರ್ಷದ ಹುಡುಗನೊಬ್ಬ, ಆಟ ಅಂದುಕೊಂಡು, ಮಂಡಿ ಊರಿ ನನ್ನ ಜೊತೆಗೇ ಬಂದ. ನನಗಿಂತ ಮೊದಲು ತಲುಪಿದ.

ವಾಪಸ್ ಬರುವಾಗ ಟ್ರೇನಿನಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಒಳ್ಳೆಯ ಜನ ಅಂದುಕೊಂಡೆ. ಠಾಣೆ ದಾಟುವಾಗ ನನ್ನ ಮೊಬೈಲ್ ಟಿಂಗ್ ಅಂತು. ಧಾರವಾಡದ ಮನೆ ಮಂದಿಯ ಗ್ರೂಪಿನಲ್ಲಿ ಅತ್ತೆ ಫೋಟೋ ಹಾಕಿದ್ದರು. ಹಿಂದೆ ಅರಬ್ಬಿ ಸಮುದ್ರ, ಮುಂದೆ ನಾನು, ಪಕ್ಕದಲ್ಲಿ ಆ ಹುಡುಗ. ಅದರ ಕೆಳಗೆ ಹೆಂಡತಿಯ ಕಾಕಾ ಕೇಳಿದ್ದರು: "ಅಳಿಯಂದ್ರು ಕೆಳಗ ಏನು ಹುಡುಕ್ಲಿಕ್ಕತ್ತಾರ?"

ನಾನು ಬೇಗ ಬೇಗ ಬರೆದೆ: "ಕನ್ನಡಕ."

ಒಂದು ನಿಮಿಷ ಗ್ರೂಪು ಸುಮ್ಮನಿತ್ತು. ಆಮೇಲೆ ಎದುರು ಸೀಟಿನಲ್ಲಿ ಕೂತಿದ್ದ ಪಲ್ಲವಿ ಅದೇ ಫೋಟೋವನ್ನು ಮತ್ತೆ ಹಾಕಿದಳು. ಈ ಸಲ ನನ್ನ ಅಂಗಿಯ ಜೇಬಿನ ಸುತ್ತ ಕೆಂಪು ಗೆರೆ ಎಳೆದು.